ಕೀಲಿ ಕೊಡೂ ಮುಂದ

ಕುಂದ್ರು ತಮ್ಮಾ, ಮೊದಲ ಚಾ ಕುಡಿ.
ರೇಟಿನ ಮಾತು ಆಮ್ಯಾಲ.
ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮಿನ್ಯಾಗ
ನೀ ನೋಡಿ ಬಂದ ಗಾಡಿ ನಾನೂ ನೋಡೇನಿ:
ಗಾಜಿನ ಹಿಂದ, ಎಲಿ ಬಣ್ಣ,
ಎದಿಮಟ ಟೈರು, ಮೂಗಿಗೆ ವಿಂಚು,
ವಿಂಚಿನ ಹಗ್ಗ ಇನ್ನೂ ಪ್ಲಾಸ್ಟಿಕ್ಕಿನ್ಯಾಗ.
ಹದಿನೆಂಟು ಲಕ್ಷ. ಕೀಲಿ ತಿರುವಿದ್ರ ಹೊಂಟತು.
ಕೆಟ್ಟದ್ದಂತ ನಾ ಹೇಳಂಗಿಲ್ಲ.
ಖಾನಾವಳ್ಯಾಗ ಉಂಡವ್ರ ಹೊಟ್ಟಿ ತುಂಬೂದಿಲ್ಲೇನು?
ಅದೂ ಜ್ವಾಳದ ರೊಟ್ಟಿನ;
ಬಡದಾಕಿ ಯಾರಂತ ಗೊತ್ತಿಲ್ಲ, ಅಷ್ಟ.

ಇದು ಬೆಳಗಾವಿ ಲಿಲಾವಿನ್ಯಾಗ
ಮಿಲಿಟರಿಯವ್ರು ಒಗದದ್ದು.
ತಂದಾಗ ಹಿಂದಿನ ಸೀಟಿನ ಕೆಳಗ ಒಂದು ಕೋಳಿ
ಕಾವು ಕುಂತಿತ್ತು.
ಮರಿ ಹೊರಗ ಬರೂತನಾ
ರಾಜೇಸಾಬ ಪಾನಾ ಮುಟ್ಟಲಿಲ್ಲ.

ದನದ ಡಾಕ್ಟರು ನಾನು. ಡೋಣಿ ಆಚೆ
ಕಪ್ಪತಗುಡ್ಡದ ಬುಡಕ್ಕ ಕುರಿಹಟ್ಟಿಗೋಳು.
ಒಂದು ಮಳಿ ಬಿದ್ರ ಸಾಕು,
ಸಾಲ ಕೊಟ್ಟಾಂವ ಬಾಗಲಾ ಬಿಡದಂಗ
ಎರಿ ಮಣ್ಣು ಗಾಲಿ ಬಿಡೂದಿಲ್ಲ.
ಅದಕ್ಕ ಎತ್ತರ ಮಾಡಿದ್ವಿ, ನಾಕು ಇಂಚು.
ತಿರುವಿನ್ಯಾಗ ಕುಡದಾವ್ರಂಗ ವಾಲಿತು.
ಬಿಚ್ಚಿ ಮೂರು ಮಾಡಿದ್ವಿ.
ಬಂಪರ್ರು, ಬೆಟಗೇರ್ಯಾಗ ಮುಚ್ಚಿದ ಹತ್ತಿ ಗಿರಣಿ ಕಬ್ಬಿಣ.
ಬಿಚ್ಚಿದ್ದು ಎಷ್ಟು ಸಲ, ಲೆಕ್ಕ ಇಟ್ಟಿಲ್ಲ.
ರೊಕ್ಕದ ಲೆಕ್ಕ ಇಟ್ಟಿದ್ದೆ;
ಆರು ಲಕ್ಷ ದಾಟಿದ ದಿನ
ನೋಟ್‌ಬುಕ್ಕು ಬಚ್ಚಲೊಲಿಗೆ ಹಾಕಿದೆ.

ಇದಕ್ಕ ಪುಸ್ತಕ ಇಲ್ಲ. ಬಾಯಿಲೆ ಹೇಳ್ತೀನಿ.
ಎರಡನೇ ಗೇರು ಬೇಕಂದ್ರ
ಮೊದಲ ಮೂರನೇದಕ್ಕ ಮುಟ್ಟಿಸಿ ಬಾ.
ಚಳಿಗಾಲದಾಗ ನಾಕು ಪಂಪು, ಐದು ಹೊಡದ್ರ ಮುನಿಸ್ಕೊಂತೈತಿ.
ಎಡಗಡೆ ಬಾಗಲಾ ಎತ್ತಿ ಹಾಕು.
ಎಂಬತ್ತರ ಮ್ಯಾಲ ಬ್ಯಾಡ, ಕನ್ನಡಿ ನಡಗಿ
ಹಿಂದ ಬರಾವ್ರೆಲ್ಲಾ ಇಬ್ಬಿಬ್ಬರಾಗ್ತಾರ.
ಕಾಗದ ಸಾಫ್ ಅದಾವ,
ಬುಕ್ಕಿನ್ಯಾಗಿನ ಗಾಡಿಗೂ ಇದಕ್ಕೂ
ಅಣ್ಣತಮ್ಮರ ಹೋಲಿಕಿ.
ಡಬ್ಬ್ಯಾಗ ಸಾಸಿವಿ ಉಳ್ಳಾಡಿದಂಗ ಒಂದು ಸಪ್ಪಳ ಕೇಳತೈತಿ.
ಅಂಜಬ್ಯಾಡ.
ಅದು ನಿಂತಾಗ ಅಂಜು.

ಇನ್ನೊಂದು. ಇದು ಹೇಳದ ರೊಕ್ಕ ತಗೊಂಡ್ರ
ರಾತ್ರಿ ನಿದ್ದಿ ಬರಂಗಿಲ್ಲ.
ತಾಂಡಾದ ಸೋಮ್ಲಿಬಾಯಿ ಎಮ್ಮಿಗೆ ಕರು ಅಡ್ಡ ಬಿದ್ದಿತ್ತು.
ಫೋನು ಬಂದಾಗ ಹತ್ತು ಗಂಟೆ.
ಹಳ್ಳದಾಗ ಇದು ಕೆಮ್ಮಿ ನಿಂತತು.
ಬ್ಯಾಟರಿ ಬಾಯಾಗ ಕಚ್ಚಿ, ಕೈ ಕರಿ ಮಾಡ್ಕೊಂಡು,
ಯಾವ ವೈರು ನಾನ ಹಾಕಿದ್ದು, ಯಾವುದು ಅಂವ ಹಾಕಿದ್ದು,
ಹುಡುಕಿ ಹುಡುಕಿ ಬೆಳಗಾತು.
ಹೋಗಿ ಮುಟ್ಟಿದಾಗ ಎಮ್ಮಿ ಮ್ಯಾಲ
ಗೋಣಿತಟ್ಟು ಹಾಸಿದ್ರು.
ಆ ಬಾಯಿ ನನಗ ಏನೂ ಅನಲಿಲ್ಲ,
ಕೈ ತೊಳಿಲಿಕ್ಕೆ ನೀರು ಕೊಟ್ಲು.
ಅವತ್ತ ಗಾಜಿನ ಹಿಂದಿನ ಗಾಡಿ ಇದ್ದಿದ್ರ
ಅದು ಬದುಕ್ತಿತ್ತೇನೋ.
ಕೈಯಾರೆ ಮಾಡಿದ್ದು ಅನ್ನೂ ಸೊಕ್ಕು
ಆ ಗೋಣಿತಟ್ಟಿನ ಕೆಳಗೂ ಸ್ವಲ್ಪ ಐತಿ.

ರಾಜೇಸಾಬಗ ಈಗ ಕಣ್ಣು ಮಂಜು.
ಮುಳಗುಂದ ನಾಕಾ ದಾಟೂ ಮುಂದ ನಿಂದ್ರಿಸು.
ಸಪ್ಪಳ ಕೇಳೇ ಹೊರಗ ಬರ್ತಾನ,
ಬಾನೆಟ್ಟಿಗೆ ಅಂಗೈ ಹಚ್ತಾನ.
ನಿನ್ನ ಜೋಡಿ ಮಾತಾಡಂಗಿಲ್ಲ, ಸಿಟ್ಟಾಗಬ್ಯಾಡ.
ಅವನ ಮಾತು ಅದರ ಜೋಡಿ.

ಯಾಕ ಮಾರ್ತೀರಿ ಅಂದಿ.
ಕ್ಲಚ್ಚು ಒತ್ತಾಕ ಎಡ ಮೊಣಕಾಲು ಒಲ್ಲೆ ಅಂತೈತಿ.
ರಿಟೈರಾಗೇನಿ, ಖರೆ;
ಹಟ್ಟ್ಯಾಗಿನ ಕುರಿಗೆ ಅದು ಗೊತ್ತಿಲ್ಲ.
ಅದಕ್ಕ ಕ್ಲಚ್ಚ ಇಲ್ಲದ್ದೊಂದು,
ಗೋಕುಲ ರೋಡಿನ್ಯಾಗ, ಎಲಿ ಬಣ್ಣದ್ದ,
ಮುಂಗಡ ಕೊಟ್ಟು ಬಂದೇನಿ.
ನಗು, ನಗು. ನಾನೂ ನಕ್ಕೇನಿ,
ಬಸ್ಸಿನ್ಯಾಗ, ಅಣ್ಣಿಗೇರಿ ಬರೂತನಾ.

ತಗೋ ಕೀಲಿ. ಜಾಕು ನಿಂದು, ಹಗ್ಗ ನಿಂದು,
ಹಿಂದಿನ ಸೀಟಿನ ಕೆಳಗ ಇನ್ನೂ ಪುಚ್ಚ ಸಿಕ್ರ, ಅವೂ ನಿನ್ನವ.
ಹದಿನಾಕರ ಪಾನಾ ಮಾತ್ರ ಕೊಡಂಗಿಲ್ಲ.
ಅದು ಕೂಡೂ ನಟ್ಟು ಹೊಸ ಗಾಡ್ಯಾಗ ಒಂದೂ ಇಲ್ಲಂತ,
ಶೋರೂಮಿನ ಹುಡುಗ ಹೇಳಿದ.
ನೋಡೂಣು.